ಮೈಮೇಲೆ ಬಗ್ಗಿಸಿದ ತಗಡು

ಐವತ್ತು ವರ್ಷಗಳ ಹಿಂದೆ, ನಂಗಲಿಯ ತಿರುವಿನಲ್ಲಿ ಉರುಳಿಬಿದ್ದಿದ್ದ ಬಸ್ಸೊಂದಕ್ಕೆ ಅಚ್ಚಿನ ನೆರವಿಲ್ಲದೆ, ಯಂತ್ರದ ಹಂಗಿಲ್ಲದೆ, ಒಂದೇ ಹಾಳೆ ತಗಡಿನಿಂದ ಮುಂದಿನ ಮಡ್‌ಗಾರ್ಡನ್ನು ಬಡಿದು ಎಬ್ಬಿಸಿದವರು ಮುಳಬಾಗಿಲಿನ ಫರ್ಹಾದ್ ಮತ್ತು ಅಜ್ಮತುಲ್ಲಾ ಎಂಬ ಅಣ್ಣತಮ್ಮಂದಿರು. ಬೆಸುಗೆಯ ಗೆರೆ ಎಲ್ಲಾದರೂ ಸಿಕ್ಕೀತೇ ಎಂದು ಚಿಂತಾಮಣಿಯಿಂದ ಬಂದ ಮೇಸ್ತ್ರಿಗಳು ಅದರ ಮೇಲೆ ಬೆರಳಾಡಿಸಿ, ಸೋತು ಹಿಂದಿರುಗಿದ್ದರು. ಫರ್ಹಾದ್ ಈಗಿಲ್ಲ. ಅಜ್ಮತುಲ್ಲಾ ಮಾತ್ರ ಆ ಸಾಹಸವನ್ನು ಹೊಸದೆಂಬಂತೆ ಹೇಳಬಲ್ಲವರಾಗಿ ಉಳಿದಿದ್ದರು.

ಅಂದು ಅವರು ಹೆದ್ದಾರಿಯ ಬದಿಯಲ್ಲಿ ಗಾಡಿಗಳ ತಗಡು ಕೆಲಸ ಮಾಡುವ ಕಾಂತರಾಜನ ಶೆಡ್ಡಿನಲ್ಲಿ, ಬೋರಲು ಹಾಕಿದ ಎಣ್ಣೆ ಡಬ್ಬದ ಪಕ್ಕದಲ್ಲಿ ಕುಳಿತು, ಅವನ ಮಗಳು ಶ್ವೇತಳಿಗೆ ಅದನ್ನೇ ಹೇಳುತ್ತಿದ್ದರು.

"ಅಣ್ಣ ಹೊಡೀತಿದ್ದ, ನಾನು ಹಿಡ್ಕಂಡಿದ್ದೆ. ಎರಡು ದೊಡ್ಡೇಟು, ಒಂದು ಸಣ್ಣೇಟು." ಮುದುಕರ ಗೆಣ್ಣುಗಳು ಡಬ್ಬದ ಮೇಲೆ ಕುಣಿದವು. ಠಣ್, ಠಣ್, ಟಿಕ್.

ಎರಡನೆಯ ತರಗತಿಯ ಹುಡುಗಿ ನಕ್ಕು, ತಾನೂ ಬಡಿದಳು. ಠಣ್, ಠಣ್, ಟಿಕ್.

ಆ ಹೊತ್ತಿಗೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ಅದರ ಮೇಲಿಂದ ಇಳಿದದ್ದು ಒಂದು ಹಳೆಯ ಲ್ಯಾಂಡ್‌ಮಾಸ್ಟರ್ ಕಾರಿನ ಒಡಲು. ಕೋಲಾರದ ಟೊಮೇಟೊ ಮಂಡಿಯ ಅಮರನಾಥ್ ಅದನ್ನು ಕ್ಯಾಲನೂರಿನ ಪಾಳುಬಿದ್ದ ಕೊಟ್ಟಿಗೆಯಿಂದ ಎತ್ತಿಸಿ ತಂದಿದ್ದರು. ಬಲಬದಿ ಹೇಗೋ ಉಳಿದಿತ್ತು. ಎಡಬದಿಯನ್ನು ಮಾತ್ರ ಯಾವುದೋ ಪ್ರಾಣಿ ಕಚ್ಚಿ ತಿಂದಂತಿತ್ತು; ಮುಟ್ಟಿದಲ್ಲೆಲ್ಲ ತುಕ್ಕು ಹಪ್ಪಳದಂತೆ ಪುಡಿಯಾಗಿ ಉದುರುತ್ತಿತ್ತು. ಎಡಗಡೆಯ ಎರಡೂ ಮಡ್‌ಗಾರ್ಡುಗಳನ್ನು ಹೊಸ ತಗಡಿನಲ್ಲಿ ಕಟ್ಟಿಕೊಡಬೇಕಿತ್ತು. ಮೈಸೂರಿನಿಂದ ಬಂದು ಆರು ತಿಂಗಳಷ್ಟೇ ಆಗಿದ್ದ ಕಾಂತರಾಜನಿಗೆ ಇದು ಈ ಸೀಮೆಯ ಮೊದಲ ದೊಡ್ಡ ಕೆಲಸ.

ಅಜ್ಮತುಲ್ಲಾ ಎದ್ದು ಬಂದು ಕಾರಿನ ಮೂತಿಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈಯನ್ನು ಕೆಂಡ ಮುಟ್ಟಿದವರಂತೆ ಸೆಳೆದುಕೊಂಡರು.

"ಇದು ಇನ್ನೂ ಇದೆಯಾ?" ಎಂದರು ಬಹಳ ಮೆಲ್ಲಗೆ. ಬಳಿಕ ಹುಡುಗಿಯನ್ನು ಮನೆಗೆ ಕಳುಹಿಸಿದರು. "ಕಾಂತಣ್ಣ, ಒಂದು ಮಾತು ಕೇಳು. ಮರದ ಮೇಲೆ ಬಡಿ, ಮರಳುಚೀಲದ ಮೇಲೆ ಬಡಿ. ಈ ಗಾಡಿ ತಗಡನ್ನ ಮಾತ್ರ ಮೈಮೇಲೆ ಇಟ್ಟು ಬಗ್ಗಿಸಬೇಡ."

"ಯಾಕೆ ಸಾಬ್ರೇ? ಕಚ್ತದಾ?"

ಮುದುಕರು ನಗಲಿಲ್ಲ. ತುಂಡು ತುಂಡಾಗಿ ಹೇಳಿದರು. ಆ ಕಾಲದಲ್ಲಿ ಈ ಕಾರು ಒಬ್ಬ ಕಂಟ್ರಾಕ್ಟರನದು. ಒಂದು ಸಂಜೆ ಇದು ಕುರಿ ಕಾಯುವವನೊಬ್ಬನಿಗೆ ಬಡಿದು, ನಿಲ್ಲದೆ ಹೋಯಿತು. ಗೂಳಿ ಗುದ್ದಿತೆಂದು ಸುಳ್ಳು ಹೇಳಿ ಕಂಟ್ರಾಕ್ಟರ್ ಫರ್ಹಾದನಿಂದ ತಗ್ಗನ್ನು ಎತ್ತಿಸಿದ. ಬೆಳಗಾಗುವಷ್ಟರಲ್ಲಿ ತಗಡು ಕನ್ನಡಿಯಂತಾಗಿತ್ತು. ಪಂಚಾಯಿತಿಯವರು ಬಂದು ನೋಡಿದರು, ಗಾಯದ ಗುರುತಿಲ್ಲದ ಗಾಡಿ ಯಾರಿಗೆ ಬಡಿದೀತು ಎಂದು ಹೊರಟುಹೋದರು. ಸತ್ತವನ ಹೆಂಡತಿ ಮುನಿಶಾಮಮ್ಮ ಗಡಿಯಾಚೆಯಿಂದ ಚೇತಬಡಿ ಮಾಡುವವನನ್ನು, ಅಂದರೆ ಮಾಟಗಾರನನ್ನು, ಕರೆತಂದಳು. ಅಮಾವಾಸ್ಯೆಯ ದಿನ ಕಾರಿನ ಸುತ್ತ ಬಂದು, ಎರಡೂ ಕೈಯಲ್ಲಿ ಮಣ್ಣು ಬಾಚಿ ತೂರಿದಳು.

"ಏನಂದ್ಲು ಗೊತ್ತಾ? 'ನನ್ ಗಂಡನ ಮೈಮೇಲಿನ ಗಾಯ ಈ ತಗಡಿನ ಮೇಲೆ ಕಾಣದಂಗೆ ಮಾಡಿದ್ರಲ್ಲ, ಇನ್ಮೇಲೆ ಇದರ ಗಾಯ ಇದಕ್ಕೆ ರೂಪ ಕೊಟ್ಟ ಮೈಮೇಲೆ ಕಾಣ್ಲಿ' ಅಂದ್ಲು. ಆಮೇಲೆ ಅಣ್ಣ ಇದೇ ಗಾಡಿಗೆ ಹೊಸ ಮಡ್‌ಗಾರ್ಡ್ ಮಾಡ್ದ. ತೊಡೆ ಮೇಲೆ ಬಗ್ಗಿಸ್ದ. ಮಳೆಗಾಲ ಬಂತು, ಮಡ್‌ಗಾರ್ಡಿಗೆ ತುಕ್ಕು ಹತ್ತಿತು." ಅವರು ತಮ್ಮ ತೊಡೆಯನ್ನೊಮ್ಮೆ ಸವರಿಕೊಂಡರು. "ಅಣ್ಣನ ತೊಡೆನೂ ಹಂಗೇ ಹೋಯ್ತು ಬೇಟಾ. ಪದರ ಪದರ."

"ಸಕ್ಕರೆ ಕಾಯಿಲೆ ಇದ್ದಿರಬೇಕು," ಎಂದ ಕಾಂತರಾಜ, ಗ್ರೈಂಡರಿನ ವೈರು ಬಿಚ್ಚುತ್ತ. "ನೀವು ಟೀ ಕುಡೀರಿ ಸಾಬ್ರೇ. ಶಾಪಕ್ಕೆಲ್ಲ ರೆಡ್ ಆಕ್ಸೈಡ್ ಹೊಡೆದ್ರೆ ಆಯ್ತು."

ಕೆಲಸ ಮೊದಲಾಯಿತು. ಕೊಳೆತ ಎಡಬದಿಯನ್ನು ಕತ್ತರಿಸಿ ತೆಗೆದ ದಿನ ಶೆಡ್ಡಿನಲ್ಲಿ ವಿಚಿತ್ರವಾದ ವಾಸನೆಯೊಂದು ನಿಂತಿತು: ತುಕ್ಕಿನದಲ್ಲ, ಬೆಸುಗೆಯ ಕಾರ್ಬೈಡಿನದೂ ಅಲ್ಲ, ಒದ್ದೆ ಕಂಬಳಿಯದು, ಕುರಿಯ ಮೈಯದು. ಬಾಗಿಲು ತೆರೆದಿಟ್ಟರೂ ಅದು ಹೋಗಲಿಲ್ಲ.

ಮುಂದಿನ ಮಡ್‌ಗಾರ್ಡಿಗೆಂದು ಅವನು ಹುಣಸೆಯ ದಿಮ್ಮಿಯನ್ನು ಕೆತ್ತಿ ಅಚ್ಚು ಮಾಡಿದ್ದ. ಹೊಸ ತಗಡು ಅದರ ಮೇಲೆ ಕೂರಲೊಲ್ಲದೆ ಹಾವಿನಂತೆ ಪುಟಿದು ಪುಟಿದು ಎದ್ದಿತು. ಸಿಟ್ಟಿನಿಂದ ಒಂದೇಟು ಬಲವಾಗಿ ಹಾಕಿದಾಗ, ತಗಡಿಗೆ ಬಿದ್ದ ತಗ್ಗಿನ ನೇರಕ್ಕೆ ದಿಮ್ಮಿ ನಡುವೆ ಸೀಳಿತು. ಮರ ಒಣಗಿಲ್ಲ ಎಂದುಕೊಂಡ. ಮರಳುಚೀಲದ ಮೇಲಿಟ್ಟು ಬಡಿದ. ತಗಡಿನ ಅಂಚನ್ನು ಕತ್ತರಿಸುತ್ತಿದ್ದಂತೆ ಚೀಲದ ಅಂಚು ಬಿರಿದು ಮರಳು ಸುರಿಯಿತು. ಇಲಿ ಕಡಿದಿದೆ ಎಂದುಕೊಂಡ. ಕೊನೆಗೆ, ಮೈಸೂರಿನಲ್ಲಿ ಕಲಿತ ಹಳೆಯ ರೂಢಿಯಂತೆ, ಸ್ಟೂಲಿನ ಮೇಲೆ ಕುಳಿತು ತಗಡನ್ನು ತನ್ನ ಎಡತೊಡೆಯ ಮೇಲೆ ಇಟ್ಟು ಒತ್ತಿದ.

ಅದು ಬಗ್ಗಿತು. ಮೊಂಡು ಹಿಡಿದಿದ್ದ ತಗಡು ಒದ್ದೆ ಬಟ್ಟೆಯಂತೆ ಇಳಿದು ತೊಡೆಯನ್ನು ಅಪ್ಪಿಕೊಂಡಿತು. ಅದರಲ್ಲಿ ಸ್ವಲ್ಪ ಬಿಸಿಯಿತ್ತು. ಕಾಂತರಾಜ ತನ್ನ ಕೈಚಳಕಕ್ಕೆ ತಾನೇ ಬೆರಗಾದ.

ಹಿಂದಿನ ಮಡ್‌ಗಾರ್ಡಿನ ಉಬ್ಬು ಇನ್ನೂ ನಾಜೂಕಾದದ್ದು. ಆ ಮಧ್ಯಾಹ್ನ ಶಾಲೆಯಿಂದ ಬಂದ ಶ್ವೇತ ನೆಲದ ಮೇಲೆ ಬಗ್ಗಿ ಕುಳಿತು ಮಗ್ಗಿ ಬರೆಯುತ್ತಿದ್ದಳು. ಅವಳ ಬಾಗಿದ ಬೆನ್ನು ಕಣ್ಣಿಗೆ ಬಿತ್ತು. ಬೇಕಾದದ್ದು ಅದೇ ವಾಲಿಕೆ, ಅದೇ ತಿರುವು. ಅಳತೆಗೆಂದು, ಅಳತೆಗೆ ಮಾತ್ರವೆಂದು, ಅವನು ತಗಡನ್ನು ಎತ್ತಿ ತಂದು ಮೆಲ್ಲನೆ ಅವಳ ಬೆನ್ನಿಗೆ ತಾಗಿಸಿದ.

"ಅಲ್ಲಾಡಬೇಡ ಕಣೇ."

"ಅಯ್ಯೋ ಅಪ್ಪ, ತಣ್ಣಗೈತೆ!" ಎಂದು ಹುಡುಗಿ ಕಿಲಕಿಲ ನಕ್ಕಳು. ಮರುಕ್ಷಣವೇ, "ಇಲ್ಲ, ಬೆಚ್ಚಗೈತೆ," ಎಂದಳು.

ಅವನು ಒತ್ತಿರಲಿಲ್ಲ. ತಗಡು ತಾನಾಗಿಯೇ ಇಳಿದಿತ್ತು.

ಎರಡು ದಿನಗಳ ಬಳಿಕ ಮುಂದಿನ ಮಡ್‌ಗಾರ್ಡಿನ ಮೇಲೆ ಸ್ಪ್ಯಾನರ್ ಜಾರಿಬಿದ್ದು ಚಿಕ್ಕ ತಗ್ಗಾಯಿತು. ಕಾಂತರಾಜನ ಎಡತೊಡೆಯಲ್ಲಿ ಚುಳ್ ಎಂದಿತು. ಸ್ನಾನಕ್ಕೆ ಹೋದಾಗ ಅಲ್ಲಿ ಸ್ಪ್ಯಾನರಿನ ಬಾಯಿಯ ಆಕಾರದಲ್ಲಿಯೇ ನೀಲಿಗಟ್ಟಿದ ಗುರುತಿತ್ತು. ಎಲ್ಲಿಯೋ ತಗುಲಿಸಿಕೊಂಡಿರಬೇಕು ಎಂದು ಕೊಬ್ಬರಿ ಎಣ್ಣೆ ಸವರಿದ.

ಮಾರನೆಯ ದಿನ ಮಧ್ಯಾಹ್ನ ಆಕಾಶ ಕಪ್ಪಿಟ್ಟು, ಹೆದ್ದಾರಿಯಲ್ಲಿ ಧೂಳೆದ್ದು, ಲಾರಿಗಳು ಹಗಲಲ್ಲೇ ದೀಪ ಹಾಕಿಕೊಂಡು ಓಡುತ್ತಿದ್ದವು. ಹಿಂದಿನ ಮಡ್‌ಗಾರ್ಡಿಗೆ ಕೆಂಪು ದೀಪ ಕೂರಿಸಲು ಒಂದು ದುಂಡು ತೂತು ಬೇಕಿತ್ತು. ಕಾಂತರಾಜ ದೀಪದ ಬುಡವನ್ನು ತಗಡಿನ ಮೇಲಿಟ್ಟು ಸುತ್ತ ಸೀಮೆಸುಣ್ಣದಿಂದ ವೃತ್ತ ಎಳೆದ. ನಡುವೆ ಪಂಚಿನ ಮೊನೆಯಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟು ಚುಕ್ಕೆ ಮಾಡಿದ. ಅಷ್ಟು ಅಗಲದ ತೂತು ಕೊರೆಯಲು ಡ್ರಿಲ್ಲಿಗೆ ಸಿಕ್ಕಿಸುವ ಹಲ್ಲಿನ ಬಟ್ಟಲು ಅವನಲ್ಲಿರಲಿಲ್ಲ. ಮಡ್‌ಗಾರ್ಡನ್ನು ಆಟೋದಲ್ಲಿ ಹಾಕಿ, ಬಸ್ ನಿಲ್ದಾಣದ ಹಿಂದಿರುವ ಎಲೆಕ್ಟ್ರಿಷಿಯನ್ ಮುನಿಶಾಮಿಯ ಅಂಗಡಿಗೆ ಕಳುಹಿಸಿದ.

ಅದು ಹೋದ ಮೇಲೆ ಮುಂದಿನ ಮಡ್‌ಗಾರ್ಡಿನ ಅಂಚಿಗೆ ಅರ ಹಿಡಿದ. ಎರಡು ಸಲ ಉಜ್ಜಿದ. ಪ್ಯಾಂಟು ಒದ್ದೆಯಾಯಿತು. ಬಗ್ಗಿ ನೋಡಿದ. ಎಡತೊಡೆಯ ಮೇಲೆ ಬಟ್ಟೆ ಹರಿದಿರಲಿಲ್ಲ. ಒಳಗಿನಿಂದ ರಕ್ತ ಜಿನುಗುತ್ತಿತ್ತು.

ಫೋನು ಬಡಿದುಕೊಂಡಿತು. ಹೆಂಡತಿ ಅನಿತ.

"ರೀ, ಶ್ವೇತನ್ನ ಸ್ಕೂಲಿಂದ ವಾಪಸ್ ಕಳಿಸಿದ್ದಾರೆ. ಬೆನ್ನು ನೋವು ಅಂತ ಕಿರುಚ್ತಾ ಇತ್ತಂತೆ. ಅವಳ ಬೆನ್ನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ರೌಂಡ್ ಬರ್ದಿದಾರೆ ಕಣ್ರೀ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ನಡೂಮಧ್ಯ ಒಂದು ತೊಟ್ಟು ರಕ್ತ…"

ಅರ ಕೈಯಿಂದ ಜಾರಿತು.

ಮುನಿಶಾಮಿಗೆ ಫೋನು ಮಾಡಿದ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಕೊರೆಯುವ ಸದ್ದಿನಲ್ಲಿ ಫೋನು ಕೇಳಿಸದು. ಸ್ಕೂಟರು ಸ್ಟಾರ್ಟಾಗಲಿಲ್ಲ. ಅನಿತ ಮತ್ತೆ ಫೋನು ಮಾಡಿದಳು. ಅದನ್ನು ಚಾಲೂ ಇಟ್ಟುಕೊಂಡೇ ಓಡಿದ. ತೊಡೆಯಿಂದ ರಕ್ತ ಚಪ್ಪಲಿಗಿಳಿಯಿತು. ಧೂಳು ಕಣ್ಣಿಗೆ ಹೊಡೆಯಿತು. ಎದುರಿಗೆ ಲಾರಿ. ಹಾರ್ನು. ಟೀ ಅಂಗಡಿಯಿಂದ ಅಜ್ಮತುಲ್ಲಾ ಅವನನ್ನು ಕಂಡರು. ಏನನ್ನೂ ಕೇಳದೆ ಆಟೋ ಹಿಡಿದು ಹಿಂದೆಯೇ ಬಂದರು. ಬಸ್ ನಿಲ್ದಾಣ. ಗಲ್ಲಿ. ಡ್ರಿಲ್ಲಿನ ಗುಂಯ್ ಎಂಬ ಸದ್ದು. ಆ ಸದ್ದು ಬದಲಾಯಿತು. ಹಲ್ಲುಗಳು ತಗಡಿಗೆ ಮುಟ್ಟಿದ್ದವು.

ಕಾಂತರಾಜ ಗೋಡೆಯ ವೈರನ್ನು ಕಿತ್ತೆಸೆದ.

"ಏನ್ಲಾ, ಹುಚ್ಚು ಹಿಡೀತಾ?" ಎಂದು ಮುನಿಶಾಮಿ ಕೂಗಿದ. ತಗಡಿನ ಮೇಲೆ, ಬಿಳಿ ವೃತ್ತದ ಮೇಲೆ, ಹೊಳೆಯುವ ಹಲ್ಲುಗುರುತುಗಳ ಒಂದು ಬಳೆ ಮೂಡಿತ್ತು. ತೂತಾಗಿರಲಿಲ್ಲ. ಫೋನಿನಲ್ಲಿ ಮಗುವಿನ ಚೀತ್ಕಾರ ಮಾತ್ರ ನಿಂತಿರಲಿಲ್ಲ.

ಅಜ್ಮತುಲ್ಲಾ ಮುನಿಶಾಮಿಯನ್ನು ಹೊರಗೆ ಕಳುಹಿಸಿ ಷಟರ್ ಎಳೆದರು. ಕತ್ತಲೆಯಾಯಿತು. ಆ ಕುರಿಯ ವಾಸನೆ ಇಲ್ಲಿಗೂ ಬಂದಿತ್ತು.

"ಶ್ವೇತನ ಬೆನ್ನ ಮೇಲಿಟ್ಟಿದ್ದೆ ಸಾಬ್ರೇ. ಬಡಿದು ಚಪ್ಪಟೆ ಮಾಡಿ ಬಿಸಾಕ್ತೀನಿ!"

"ಮಗು ಬೆನ್ನು ಚಪ್ಪಟೆ ಮಾಡ್ತೀಯಾ?"

ಕಾಂತರಾಜ ಕೈಗೆತ್ತಿಕೊಂಡಿದ್ದ ಸುತ್ತಿಗೆಯನ್ನು ಕೆಳಗಿಟ್ಟ. "ಮರಕ್ಕೆ ಇಳಿಸಿ. ಯಾವುದಕ್ಕಾದ್ರೂ ಇಳಿಸಿ."

"ಜೀವ ಇರೋ ಮೈ ಕಂಡ ತಗಡು ಮರಕ್ಕೆ ಇಳಿಯಲ್ಲ. ಅಣ್ಣಂಗೋಸ್ಕರ ಅದನ್ನೆಲ್ಲ ಮಾಡಿ ನೋಡಿದ್ದೀನಿ. ಇನ್ನೊಂದು ಮೈ ಬೇಕು. ನನ್ನ ಮೈಗೆ ಇಳಿಸು ಅಂದೆ, ಅವನು ಒಪ್ಪಲಿಲ್ಲ."

ಕಾಂತರಾಜ ಅಂಗಿ ಕಳಚಿ ತಣ್ಣನೆಯ ನೆಲದ ಮೇಲೆ ಬೋರಲು ಮಲಗಿದ. ಮುದುಕರು ತಗಡನ್ನು ಅವನ ಬೆನ್ನ ಮೇಲಿಟ್ಟರು. ಸುತ್ತಿಗೆಯಿಲ್ಲ, ಬರಿಯ ಅಂಗೈ. ಅಣ್ಣ ಸತ್ತ ದಿನದಿಂದ ತಗಡು ಮುಟ್ಟದ ಕೈಗಳವು. ಮೊದಲು ಏನೂ ಆಗಲಿಲ್ಲ. ತಗಡು ಮಗುವಿನ ಆಕಾರವನ್ನು ಬಿಡಲೊಲ್ಲದೆ ನಡುಗಿತು. ಮತ್ತೆ ಒತ್ತಿದರು. ಎಲ್ಲಿಯೋ ಕುರಿಮಂದೆಯ ಗಂಟೆಗಳು. ಹತ್ತಿರ. ಇನ್ನೂ ಹತ್ತಿರ. ಕಿವಿಯ ಬುಡದಲ್ಲಿ ಹೆಂಗಸಿನ ಉಸಿರು. ಬೆನ್ನಿನ ನಡುವೆ ಮೊಳೆ ಇಳಿದಂತಾಯಿತು. ಅದರ ಸುತ್ತ ಹಲ್ಲುಗಳು ನಾಟಿದವು. ಒಂದೊಂದಾಗಿ. ತಗಡು ಬಿಸಿಯಾಯಿತು. ಮೆತ್ತಗಾಯಿತು. ಇಳಿಯಿತು.

"ಅಳಿಸ್ತಾ ಇದೆ ರೀ," ಎಂದಿತು ನೆಲದ ಮೇಲಿದ್ದ ಫೋನು. "ಗೆರೆ ಹೋಗ್ತಾ ಇದೆ. ಮಗು ಸುಮ್ಮನಾಯ್ತು. ನೀವ್ಯಾಕ್ರೀ ಕಿರುಚ್ತಾ ಇದೀರಿ?"

ಮಡ್‌ಗಾರ್ಡುಗಳನ್ನು ಕೊಡಲಾರೆ ಎಂದದ್ದಕ್ಕೆ ಅಮರನಾಥ್ ರೇಗಾಡಿ, ಕಾರಿನ ಒಡಲನ್ನು ಲಾರಿಗೆ ಹಾಕಿಸಿ ಮಾಲೂರಿನ ಬೇರೊಂದು ಶೆಡ್ಡಿಗೆ ಸಾಗಿಸಿದರು. ಕಾಂತರಾಜ ಅಲ್ಲಿಯ ಟಿಂಕರನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ನಗು ಕೇಳಿಸಿತು.

ಎರಡು ಮಡ್‌ಗಾರ್ಡುಗಳು ಕಾಂತರಾಜನ ಮನೆಯಲ್ಲಿಯೇ ಉಳಿದವು. ಗಾಳಿಯಾಡದ ಒಳಕೋಣೆಯಲ್ಲಿ, ಮಂಚದ ಮೇಲೆ, ಎಣ್ಣೆ ಸವರಿ ರಗ್ಗಿನಲ್ಲಿ ಸುತ್ತಿಟ್ಟು, ಮಲಗಿದ ರೋಗಿಗಳಂತೆ ಅವನು ಅವನ್ನು ಕಾಯ್ದ. ಶ್ವೇತಳಿಗೆ ಏನನ್ನೂ ಹೇಳಲಿಲ್ಲ. ಆ ಬೆನ್ನುನೋವು ಉಷ್ಣದಿಂದ ಬಂದದ್ದೆಂದೇ ಅವಳು ನಂಬಿದ್ದಳು. ಆದರೆ ಮಳೆಗಾಲ ಬಂತು. ಒಂದು ಬೆಳಿಗ್ಗೆ ತಗಡಿನ ಮೇಲಿನ ಹಲ್ಲುಗುರುತಿನ ಬಳೆಯೊಳಗೆ ಸಾಸಿವೆಯಷ್ಟು ಕಂದು ಚುಕ್ಕೆ ಕಂಡಿತು. ಅವನು ಅದನ್ನು ಉಜ್ಜಿ ತೆಗೆಯುವಂತಿರಲಿಲ್ಲ. ಕೋಲಾರದ ಚರ್ಮವೈದ್ಯರು ಅವನ ಬೆನ್ನು ನೋಡಿ, ಫಂಗಸ್ ಎಂದು ಮುಲಾಮು ಬರೆದುಕೊಟ್ಟರು. ಮುಲಾಮಿನ ಕೆಳಗೆ ಅದು ಮೆಲ್ಲನೆ ಅಗಲವಾಯಿತು. ಚರ್ಮ ಹಪ್ಪಳದಂತೆ ಎದ್ದು ಉದುರತೊಡಗಿತು.

ಜಡಿಮಳೆಯ ಒಂದು ಸಂಜೆ ಅಜ್ಮತುಲ್ಲಾ ನೋಡಲು ಬಂದರು. ಕಾಂತರಾಜ ನಡುಮನೆಯಲ್ಲಿ ಬೋರಲು ಮಲಗಿದ್ದ. ಅವನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಅನಿತ ಅಡುಗೆಮನೆಯಲ್ಲಿದ್ದಳು. ಒಳಕೋಣೆಯ ಬಾಗಿಲು ತೆರೆದಿತ್ತು. ರಗ್ಗು ನೆಲದ ಮೇಲೆ ಬಿದ್ದಿತ್ತು. ಶ್ವೇತ ಮಂಚದ ಮೇಲೆ, ಹಿಂದಿನ ಮಡ್‌ಗಾರ್ಡಿನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಅವಳ ಕೈಯಲ್ಲಿ ಅಪ್ಪನ ಸುತ್ತಿಗೆಯಿತ್ತು.

ಮುದುಕರನ್ನು ಕಂಡು ಅವಳ ಮುಖ ಅರಳಿತು.

"ತಾತ, ಆ ಬಸ್ಸಿನ ಮಡ್‌ಗಾರ್ಡ್ ಕತೆ ಇನ್ನೊಂದ್ಸಲ ಹೇಳಿ," ಎಂದಳು ಸುತ್ತಿಗೆಯನ್ನು ಮೇಲೆತ್ತುತ್ತ. "ನೀವು ಹೇಳ್ತಾ ಹೋಗಿ. ಏಟು ನಾನ್ ಹೊಡೀತೀನಿ."