ಓಂಕಾರದ ಪಕ್ಕದ ಮನೆ

"ಇದು ನಮ್ಮವ್ವನ ಕಾರ್ಡಾ ಮೇಡಂ?!"

ಶಿರಾದ ಪುಟ್ಟ ಡಿಟಿಪಿ ಅಂಗಡಿಯಲ್ಲಿ ನರಸಿಂಹರಾಜು ಕಾರ್ಡಿನ ಕಟ್ಟನ್ನು ಮೇಜಿನ ಮೇಲಿಟ್ಟ. ಮದಲೂರಿನ ಗಣಿತದ ಮೇಷ್ಟ್ರು ಅವನು. ತಾಯಿ ದಾಸಮ್ಮ ತೀರಿಕೊಂಡಿದ್ದರು. ನಾಳೆಯೇ ನುಡಿನಮನ; ಬಂದವರಿಗೆ ಹಂಚುವ ನೆನಪಿನ ಕಾರ್ಡು ಇದು.

"ಬುದ್ಧನ ಚಕ್ರ ಹಾಕಿ ಅಂದಿದ್ನಲ್ಲ. ಅವ್ವ ದಿನಾ ಅದರ ಮುಂದೆ ದೀಪ ಹಚ್ಚೋಳು... ಓಂ ಹಾಕ್ಬುಟ್ಟಿದೀರಲ್ಲ!"

ಕಂಪ್ಯೂಟರಿನ ಮುಂದಿದ್ದ ಲೋಹಿತಾ ತಲೆಯೆತ್ತಲಿಲ್ಲ.

"ಪ್ರೆಸ್‌ನೋರು ಬದಲಾಯಿಸಿರ್ಬೇಕು ಸಾರ್..."

"ಹಂಗಾ? ಅವರನ್ನೇ ಕೇಳ್ತೀನಿ ತಡೀರಿ." ಅವನು ಹೊರಟೇಬಿಟ್ಟ.

ಸುಳ್ಳು! ಬೆಳಿಗ್ಗೆ ವಿಭೂತಿ ಧರಿಸಿದ ಲೋಹಿತಾಳ ಹಣೆಯ ಮೇಲೆ ಬೆವರೊಡೆಯಿತು. 'ಶಿವನೇ, ಯಾರದೋ ತಲೆಗೆ ಕಟ್ಟಿಬಿಟ್ಟೆನಲ್ಲ... ತೀರಿಹೋದವರು ಮತ್ತೆ ಬಂದು ತಿದ್ದಿಸಲಾರರು.'

ಅವಳು ಬೀದಿಗೆ ಓಡಿದಳು.

"ಸಾರ್, ನಿಂತ್ಕಳಿ! ತಪ್ಪು ನಂದೇ. ಯಾರದೋ ಹಳೇ ಕಾರ್ಡ್ ತೆಗೆದು ಹೆಸರಷ್ಟೇ ಬದಲಾಯಿಸ್ದೆ. ಚಕ್ರ ಹುಡುಕೋಕೆ ಬೇಜಾರಾಯ್ತು. ಯಾರು ನೋಡ್ತಾರೆ ಅಂದ್ಕಂಡೆ..."

"ನಾನು ನೋಡ್ತೀನಲ್ಲ ಕಣಮ್ಮ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು!

ಇಬ್ಬರೂ ಒಳಗೆ ಬಂದರು. ಲೋಹಿತಾ ಇನ್ಸರ್ಟ್ ಒತ್ತಿ, ಸಿಂಬಲ್ ತೆರೆದು, ವಿಂಗ್‌ಡಿಂಗ್ಸ್ ಎಂಬ ಚಿಹ್ನೆಗಳ ಫಾಂಟ್ ಆರಿಸಿದಳು. ಪುಟ್ಟ ಪುಟ್ಟ ಮನೆಗಳಲ್ಲಿ ಚಿಹ್ನೆಗಳು ತುಂಬಿದ್ದವು. ಅಲ್ಲಿ ಓಂ... ಅದರ ಪಕ್ಕದ ಮನೆಯಲ್ಲೇ ಚಕ್ರ!

"ಪಕ್ಕದಲ್ಲೇ ಇತ್ತು ಸಾರ್..." ಅವಳ ಕಣ್ಣು ತುಂಬಿತು.

ಸಂಜೆಯೊಳಗೆ ಹೊಸ ಕಾರ್ಡುಗಳಾದವು. ಮರುದಿನ ಅವಳು ಮದಲೂರಿಗೆ ಹೋಗಿ, ಎಲ್ಲರ ಹಿಂದೆ ನಿಂತು ದಾಸಮ್ಮನ ಫೋಟೋಗೆ ಕೈಮುಗಿದಳು. ಮುಂದೆ ಹೋಗಲು ಮುಖವಿರಲಿಲ್ಲ. ನರಸಿಂಹರಾಜು ತಾನೇ ಬಂದು ಕೈಗೆ ಹೂ ಕೊಟ್ಟ.

"ಹಾಕಿ. ಅವ್ವ ಏನೂ ಅನ್ಕಳಲ್ಲ."

ಆಮೇಲೆ ಅವನು ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಬರತೊಡಗಿದ. ವರ್ಗಮೂಲ, ಪೈ, ಡಿಗ್ರಿ... ಒಂದೊಂದು ಚಿಹ್ನೆಯನ್ನೂ ಅವಳು ತೋರಿಸಿಯೇ ಮುಂದೆ ಹೋಗುತ್ತಿದ್ದಳು.

ಒಂದು ದಿನ ಬರಿಗೈಯಲ್ಲಿ ಬಂದ.

"ಮದುವೆ ಕಾರ್ಡ್ ಮಾಡ್ಬೇಕಿತ್ತು."

"ಯಾ... ಯಾರದ್ದು?"

"ನೀನು ಹ್ಞೂಂ ಅಂದ್ರೆ ನಮ್ದೇ."

"ನಿಮ್ಮವ್ವನ ಕಾರ್ಡ್ ಕೆಡಿಸಿದೋಳು ನಾನು!"

"ಬೀದೀಲಿ ಓಡಿ ಬಂದು ನಿಜ ಹೇಳಿದೋಳೂ ನೀನೇ ಅಲ್ವಾ?"

ಲೋಹಿತಾ ಖಾಲಿ ಪುಟ ತೆರೆದಳು.

"ಹಳೇ ಕಾರ್ಡ್ ತೆಗೀಲ್ವಾ?" ಅವನು ರೇಗಿಸಿದ.

"ಇಲ್ಲ. ನಮ್ಮಪ್ಪಂಗೆ ಈ ಮದುವೆ ವಿಷಯ ನಾನೇ ಹೇಳ್ತೀನಿ, ಆಮೇಲೆ ಹೊಸದೇ ಬರೀತೀನಿ."

"ಮೇಲೇನು ಹಾಕ್ತೀಯ, ಓಂಕಾರಾನಾ, ಚಕ್ರಾನಾ?"

ಅವಳು ಕೀಲಿಮಣೆಯಿಂದ ಕೈ ತೆಗೆದು, ಅವನ ಕಡೆ ತಿರುಗಿ ಕುಳಿತಳು.

"ನೀವು ಹೇಳಿ... ಈ ಸಲ ಕೇಳಿಸ್ಕಂತೀನಿ."