ಕಿಟಕಿ ಒಳಗಿನ ಅಕ್ಕ

“ಅಕ್ಕಾ, ನಂಗೆ ಬಾಲ್!”

“ನಂಗೆ ರೋಪ್!”

“ಏಯ್, ತಳ್ಬೇಡ್ವೋ!”

ಸ್ಪೋರ್ಟ್ಸ್ ರೂಮಿನ ಕಿಟಕಿಯೊಳಗೆ ಹತ್ತಾರು ಕೈಗಳು ನುಗ್ಗುತ್ತಿದ್ದವು. ಒಳಗೆ ಸ್ಪೋರ್ಟ್ಸ್ ಲೀಡರ್ ಬೆವರು ಸುರಿಸುತ್ತಿದ್ದಳು. ರೂಮಿನ ಕೀಲಿಯನ್ನು ಸದಾ ಕೊರಳಲ್ಲೇ ನೇತುಹಾಕಿಕೊಂಡಿರುತ್ತಿದ್ದ ಅವಳಿಗೆ ಗೆಳೆಯರು ಇಟ್ಟ ಹೆಸರು ಕೀಲಿಕೈ. ಹೆಸರು ಬರೆಯುವವಳೂ ಅವಳೇ, ಓಡಿಹೋಗಿ ಬಾಲ್ ತರುವವಳೂ ಅವಳೇ. ಸಹಾಯಕ್ಕೆಂದು ಇದ್ದ ಲಂಬು ಮತ್ತು ಪಿಟೀಲು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಲಂಬು ಅಂದರೆ ಕ್ಲಾಸಿಗೆಲ್ಲ ಎತ್ತರದ ಹುಡುಗ; ಪಿಟೀಲು ಅಂದರೆ ಬಾಯಿಗೆ ಬಿಡುವೇ ಇಲ್ಲದ ಹುಡುಗಿ.

“ನಾನು ಕೊಡ್ಲಾ?” ಎಂದ ಲಂಬು.

“ಬೇಡಪ್ಪಾ ತಂದೆ! ಗಾಳಿ ಇಲ್ಲದ ಬಾಲ್ ಕೊಟ್ಟು ನನ್ನನ್ನ ಬೈಸಿದ್ದು ಸಾಲ್ದಾ?”

ಅಷ್ಟರಲ್ಲಿ ಬ್ರೇಕ್ ಮುಗಿದ ಬೆಲ್ ಹೊಡೆಯಿತು. ಅರ್ಧ ಕ್ಯೂ ಹಾಗೆಯೇ ಇತ್ತು. ಮಕ್ಕಳು ಗೊಣಗುತ್ತಾ ಕ್ಲಾಸಿಗೆ ಹೋದರು.

ಪಿಟಿ ಮಿಸ್ ಬಂದರು. “ದಿನಾ ಇದೇ ರಾಮಾಯಣ ಆಯ್ತು. ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಬ್ರೇಕ್‌ನಲ್ಲಿ ರೂಮ್ ಬಂದ್. ಕೀಲಿ ಕೊಡು. ನಾಳೆ ನೀನು ಕ್ಯೂನಲ್ಲಿ ನಿಲ್ಲು. ಒಳಗೆ ನಾನಿರ್ತೀನಿ, ಥೇಟ್ ನಿನ್ನ ಹಾಗೇ.”

ಕೀಲಿಕೈಯ ಮುಖ ಸಪ್ಪಗಾಯಿತು.

ಮರುದಿನ ಅವಳಿಗೆ ಸಿಕ್ಕಿದ್ದು ಕ್ಯೂನ ಕೊನೆಯ ಜಾಗ. ಮುಂದೆ ಒಂದನೇ ಕ್ಲಾಸಿನ ಚೋಟು ಹುಡುಗನೊಬ್ಬ ನಿಂತಿದ್ದ. ಕಿಟಕಿ ಅವನ ತಲೆಗಿಂತಲೂ ಎತ್ತರ. ಮಿಸ್ ಒಬ್ಬರೇ ಬರೆದರು, ಓಡಿದರು, ತಂದರು. ಕ್ಯೂ ಮಾತ್ರ ಅಲುಗಾಡಲೊಲ್ಲದು. ಕೊನೆಗೆ ಹುಡುಗ ಕಿಟಕಿ ಮುಟ್ಟುವ ಹೊತ್ತಿಗೆ ಸರಿಯಾಗಿ ಬೆಲ್!

“ದಿನಾ ಹೀಗೇ ಅಕ್ಕ,” ಎಂದ ಅವನು. “ಕಿಟಕಿ ಒಳಗಿರೋ ಅಕ್ಕಂಗೆ ನಾನು ಕಾಣ್ಸೋದೇ ಇಲ್ಲ.”

ಆ ಅಕ್ಕ ಇವಳೇ ಎಂದು ಅವನಿಗೆ ತಿಳಿಯುವುದಾದರೂ ಹೇಗೆ? ಅವನಿಗೂ ಅವಳು ಕಂಡಿರಲಿಲ್ಲ. ಕೀಲಿಕೈ ಅವನ ಮುಂದೆ ಮಂಡಿಯೂರಿ ಕೂತಳು.

“ಏನ್ ಮಾಡಿದ್ರೆ ಬೇಗ ಸಿಗುತ್ತೆ, ಹೇಳು ಪುಟ್ಟ?”

“ಬಾಗ್ಲು ಇದ್ಯಲ್ಲ! ಅದನ್ಯಾಕೆ ತೆಗ್ಯಲ್ಲ?”

ಕೀಲಿಕೈ ತಿರುಗಿ ಮುಚ್ಚಿದ ಬಾಗಿಲನ್ನು ನೋಡಿದಳು. ಸಂಜೆ ಲಂಬು, ಪಿಟೀಲು ಇಬ್ಬರನ್ನೂ ಕೂರಿಸಿಕೊಂಡು ಮೊದಲ ಸಲ ಕೇಳಿದಳು: “ನೀವೇನಂತೀರ?”

“ಬಾಲ್ ನನಗೆ ಬಿಡು,” ಎಂದ ಲಂಬು.

“ಕ್ಯೂ ನನಗೆ. ಈ ಗಂಟಲು ಇರೋದು ಯಾಕೆ ಮತ್ತೆ?” ಎಂದಳು ಪಿಟೀಲು.

ಮರುದಿನ ಬ್ರೇಕ್‌ಗೆ ಮೂವರೂ ಮಿಸ್‌ಗೆ ಹೇಳಿ ಬಾಗಿಲು ತೆರೆಸಿದ್ದರು, ಅದಕ್ಕೆ ಅಡ್ಡವಾಗಿ ಒಂದು ಬೆಂಚು. “ಬಾಲ್ ಈ ಕಡೆ, ರೋಪ್ ಆ ಕಡೆ!” ಪಿಟೀಲಿನ ದನಿಗೆ ಕ್ಯೂ ನೆಟ್ಟಗಾಯಿತು. ಕೀಲಿಕೈ ಹೆಸರು ಬರೆಯುತ್ತಾ ರೋಪ್ ಕೊಡುತ್ತಿದ್ದಳು. ಲಂಬು ಮೆತ್ತಗಿನ ಬಾಲೊಂದನ್ನು ಎತ್ತಿಕೊಂಡ. ಕಸಿದುಕೊಳ್ಳಲು ಅವಳ ಕೈ ಮುಂದೆ ಹೋಯಿತು. ಹೇಗೋ ತಡೆದುಕೊಂಡಳು. ಲಂಬು ಬಾಲನ್ನು ಒತ್ತಿ ನೋಡಿ, ಪಕ್ಕಕ್ಕೆಸೆದು, ಬೇರೆಯದನ್ನು ಕೊಟ್ಟ.

ನೋಡನೋಡುತ್ತಲೇ ಕ್ಯೂ ಕರಗಿಹೋಯಿತು! ಬ್ರೇಕ್ ಇನ್ನೂ ಅರ್ಧ ಬಾಕಿ ಇತ್ತು. ಗ್ರೌಂಡ್ ತುಂಬಾ ಕೇಕೆ.

“ರೂಮ್ ಬಂದ್ ಮಾಡೋ ಮಾತೇ ಇಲ್ಲ!” ಮಿಸ್ ಚಪ್ಪಾಳೆ ತಟ್ಟಿ, ಅವಳ ಕೀಲಿಯನ್ನು ಅವಳ ಕೈಗೇ ಹಾಕಿದರು. ಮೂವರೂ ಕುಣಿದಾಡಿಬಿಟ್ಟರು.

ಚೋಟು ಹುಡುಗ ಬಾಲ್ ತಬ್ಬಿಕೊಂಡು ಓಡಿ ಬಂದ. “ಅಕ್ಕ, ಆಡೋಕೆ ಬಾ!”

ಲೀಡರ್ ಆದಮೇಲೆ ಬ್ರೇಕ್‌ನಲ್ಲಿ ತಾನು ಆಡಿಯೇ ಇಲ್ಲವೆಂಬುದು ಕೀಲಿಕೈಗೆ ಆಗ ನೆನಪಾಯಿತು. ತುದಿಗಾಲಲ್ಲಿ ನಿಂತು, ಲಂಬುವಿನ ಕೊರಳಿಗೆ ಕೀಲಿ ಹಾಕಿ, ಗ್ರೌಂಡಿಗೆ ಜಿಗಿದಳು.

“ಕಿಟಕಿ ಒಳಗಿದ್ದ ಆ ಅಕ್ಕ ಎಲ್ಲಿ?” ಹುಡುಗ ಕೇಳಿದ.

“ಅವ್ಳೂ ಆಡೋಕೆ ಬಂದ್ಲಂತೆ,” ಎಂದು ನಕ್ಕಳು ಕೀಲಿಕೈ. “ಹೂಂ, ಬಾಲ್ ಎಸಿ!”