ನಾಲ್ಕನೇ ಟ್ರಯಲ್ ರೂಮಿನ ಸ್ಕ್ರೀನ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಟ್ಟೆ ಅಂಗಡಿಯ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಅಂಗಡಿಯ ನಾಲ್ಕನೇ ಟ್ರಯಲ್ ರೂಮಿನ ಗೋಡೆಗೆ ಕೂರಿಸಿದ್ದ ಟಚ್ ಸ್ಕ್ರೀನ್ ಕಳುವಾಗಿತ್ತು. ಭಾನುವಾರ ಮಧ್ಯಾಹ್ನ ಇತ್ತು, ಅಂಗಡಿ ಮುಚ್ಚುವಾಗ ಇರಲಿಲ್ಲ. ಬೆಲೆಬಾಳುವ ಬಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ. ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಜೊತೆ ಸ್ಥಳಕ್ಕೆ ಹೋದರು.

ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಕಿರಿದಾದ ಕೋಣೆ. ಒಂದು ಕಡೆ ನಿಲುವುಗನ್ನಡಿ, ಎದುರು ಗೋಡೆಯಲ್ಲಿ ಸ್ಕ್ರೂ ತೂತುಗಳು, ಜೋತುಬಿದ್ದ ವೈರು. ಯಾರೂ ಕಿತ್ತಿರಲಿಲ್ಲ, ಬಿಚ್ಚಿದ್ದರು. ಸ್ಕ್ರೂಗಳನ್ನು ಸ್ಟೂಲಿನ ಮೇಲೆ ಒಟ್ಟಾಗಿ ಇಟ್ಟೂ ಹೋಗಿದ್ದರು. ಪಂಚನಾಮೆ ಬರೆದಾಯಿತು.

"ಇದು ಏನು ಕೆಲಸ ಮಾಡ್ತಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

ಮ್ಯಾನೇಜರ್ ಒಂದು ಅಂಗಿ ತಂದು ಪಕ್ಕದ ಕೋಣೆಯ ಗೂಟಕ್ಕೆ ಹಾಕಿದ. ಅಲ್ಲಿನ ಸ್ಕ್ರೀನ್ ತಾನಾಗಿ ಬೆಳಗಿತು. ಅದೇ ಅಂಗಿ ತೊಟ್ಟ ಹುಡುಗಿಯೊಬ್ಬಳು ಒಂದು ಸುತ್ತು ತಿರುಗಿ ನಿಂತಳು.

"ಲೇಬಲ್ ಒಳಗೆ ಅಕ್ಕಿಕಾಳಷ್ಟು ಚಿಪ್ ಇರುತ್ತೆ ಸಾರ್, ಆರ್‌ಎಫ್‌ಐಡಿ. ಯಾವ ಬಟ್ಟೆ ಬಂತು ಅಂತ ಸ್ಕ್ರೀನಿಗೆ ಗೊತ್ತಾಗುತ್ತೆ. ಈ ಹುಡುಗಿ ಹೊಸಬಳು. ಹಳೇ ಹುಡುಗಿ ವಿಡಿಯೊ ಎಲ್ಲ ಇವತ್ತು ತೆಗೆಸಿಬಿಟ್ವಿ. ಹೋದ ವಾರಾನೇ ಎಲ್ಲರಿಗೂ ಹೇಳಿದ್ವಿ."

ಅಷ್ಟರಲ್ಲಿ ಅಂಗಡಿಯ ಟೆಕ್ನಿಷಿಯನ್ ಬಂದ. ಸ್ಕ್ಯಾನರ್ ಹಿಡಿದು ದಾಸ್ತಾನು ಪರೀಕ್ಷಿಸುತ್ತಿದ್ದವನಿಗೆ ಒಂದು ಹಸಿರು ಕೋಟು ಮಾತ್ರ ಉತ್ತರ ಕೊಟ್ಟಿರಲಿಲ್ಲ. ಅದರ ಲೇಬಲ್ಲೇ ಇರಲಿಲ್ಲ.

"ಕೋಟು ಬಿಟ್ಟು ಲೇಬಲ್ ಕದ್ದಿದ್ದಾನಾ?" ಎಂದರು ಹೆಡ್ ಕಾನ್‌ಸ್ಟೆಬಲ್. "ಬಾಳೆಹಣ್ಣು ಬಿಟ್ಟು ಸಿಪ್ಪೆ ಹೊತ್ಕೊಂಡು ಹೋದ ಹಾಗಾಯ್ತು."

ಆದರೆ ಕಾಲರ್ ಮಗುಚಿ ನೋಡಿದವರೂ ಅವರೇ. ಲೇಬಲ್ ಬಿಡಿಸಿದ ಜಾಗವನ್ನು ಅದೇ ಬಣ್ಣದ ನೂಲಿನಿಂದ ಮತ್ತೆ ಹೊಲಿದಿದ್ದರು. ಬೆರಳು ಸವರಿದರೂ ತಿಳಿಯದಂಥ ಕೈಹೊಲಿಗೆ.

"ಈ ಕೋಟಿನ ಓಡಾಟ ಕಂಪ್ಯೂಟರಲ್ಲಿ ಸಿಗುತ್ತಾ?"

"ಸಿಗುತ್ತೆ ಸಾರ್," ಎಂದ ಟೆಕ್ನಿಷಿಯನ್. ನೋಡುತ್ತಾ ಅವನ ಹುಬ್ಬು ಮೇಲೇರಿತು. "ಬಹಳ ದಿನದಿಂದ ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕನೇ ರೂಮಿಗೆ ಹೋಗಿ ಬಂದಿದೆ. ಬಿಲ್ ಕೌಂಟರಿಗೆ ಒಮ್ಮೆಯೂ ಬಂದಿಲ್ಲ."

"ಯಾರು ತಗೊಂಡು ಹೋಗ್ತಿದ್ರು?"

"ಅದು ಕೋಟನ್ನ ಗುರುತು ಹಿಡಿಯುತ್ತೆ, ಮನುಷ್ಯರನ್ನಲ್ಲ."

"ಲೇಬಲ್ ಹೊರಗೆ ಹೋದ್ರೆ ಬಾಗಿಲಲ್ಲಿ ಅಲಾರಂ ಕೂಗ್ಬೇಕಲ್ಲ?"

"ಸ್ಟೀಲ್ ಡಬ್ಬಿ ಒಳಗಿಟ್ರೆ ಕೂಗಲ್ಲ ಸಾರ್. ಊಟದ ಡಬ್ಬಿ ಆದ್ರೂ ಸಾಕು."

ಇನ್ಸ್‌ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು. "ಇಲ್ಲಿ ಕೈಹೊಲಿಗೆ ಯಾರದು?"

"ಆಲ್ಟರೇಶನ್ ರೂಮಿನ ಟೇಲರಕ್ಕಂದು. ಇವತ್ತು ರಜೆ ಹಾಕಿದಾರೆ. ಅವರು ರಜೆ ಹಾಕಿದ್ದು ನಾನು ನೋಡಿದ್ದೇ ಇಲ್ಲ."

ಅಂಗಡಿಯೊಳಗಿನ ಓಣಿಯ ಕ್ಯಾಮೆರಾದಲ್ಲಿ ಭಾನುವಾರ ಸಂಜೆ ಟೇಲರಕ್ಕ ಟ್ರಯಲ್ ರೂಮುಗಳ ಕಡೆಯಿಂದ ಪರದೆ ಬಟ್ಟೆಯ ಗಂಟು ಹಿಡಿದು ಬರುವುದು ಕಂಡಿತು. ಅಂಚು ಹೊಲಿಯಲು ಮನೆಗೆ ಒಯ್ಯುತ್ತೇನೆ ಎಂದು ಕಾವಲಿನವನಿಗೆ ಹೇಳಿ ಹೋಗಿದ್ದಳು.

ಅವಳ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲು ತೆರೆದವಳು ಯಾಕೆ ಬಂದಿರಿ ಎಂದು ಕೇಳಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಗೋಡೆಗೆ ಸ್ಕ್ರೀನ್ ತೂಗುಹಾಕಿತ್ತು. ಅದರ ಮೇಲೆ 'ಸಂಪರ್ಕ ಸಿಗುತ್ತಿಲ್ಲ' ಎಂಬ ಸಾಲು ಬಂದು ಬಂದು ಹೋಗುತ್ತಿತ್ತು. ಲೇಬಲ್ ಅವಳ ಅಂಗೈಯಲ್ಲೇ ಇತ್ತು.

"ತಂದಿದ್ದು ನೀವೇನಾ?"

"ಹೌದು."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ." ಅವಳೇ ತಿರುಗಿ ಕೇಳಿದಳು. "ಸಾರ್, ಇದಕ್ಕೆ ಇನ್ನೇನಾದ್ರೂ ಜೋಡಿಸ್ಬೇಕಾ? ನಿನ್ನೆಯಿಂದ ಲೇಬಲ್ ಹಿಡಿದು ನೋಡ್ತಿದೀನಿ. ಅವಳು ಬರ್ತಿಲ್ಲ."

ಇನ್ಸ್‌ಪೆಕ್ಟರ್ ಟೆಕ್ನಿಷಿಯನ್‌ಗೆ ಫೋನ್ ಮಾಡಿದರು. ಅತ್ತಲಿಂದ ಬಂದ ಮಾತನ್ನು ಕೇಳಿ ಫೋನನ್ನು ಜೇಬಿಗಿಟ್ಟರು.

"ಇದು ಬರೀ ಗಾಜಂತಮ್ಮ. ವಿಡಿಯೊ ಇದ್ದಿದ್ದು ಅಂಗಡಿ ಕಂಪ್ಯೂಟರಲ್ಲಿ. ಬೆಳಿಗ್ಗೆ ಅಳಿಸಿಬಿಟ್ರಂತೆ. ಬೇರೆ ಪ್ರತಿ ಇಟ್ಟಿಲ್ಲ."

ಅವಳು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಹೆಡ್ ಕಾನ್‌ಸ್ಟೆಬಲ್ ನೀರು ತಂದುಕೊಟ್ಟರು.

"ಯಾರಮ್ಮ ಆ ಹುಡುಗಿ?"

"ನನ್ನ ತಂಗಿ."

ಹೇಳಿಕೆಯನ್ನು ಅಲ್ಲೇ ಪಡೆದರು. ತಾಯಿ ಹೋದಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕನೇ ತಲೆ ಬಾಚಿ, ಉಣಿಸಿ, ಬಟ್ಟೆ ಹೊಲಿದು ಹಾಕಿ ಬೆಳೆಸಿದಳು. ಅಂಗಡಿಯವರು ವಿಡಿಯೊಗೆ ಕರೆದಿದ್ದಾರೆಂದು ತಂಗಿ ಕುಣಿದಾಡುತ್ತಾ ಬಂದ ದಿನ ಅಕ್ಕನ ಬಾಯಿಂದ ಬರಬಾರದ ಮಾತು ಬಂತು.

"ಕಂಡಕಂಡವರ ಮುಂದೆ ತಿರುಗಿ ತಿರುಗಿ ತೋರಿಸ್ಕೊಳ್ಳೋಕಾ ನಿನ್ನ ಸಾಕಿದ್ದು ಅಂದೆ. ಶೂಟಿಂಗ್ ಮುಗಿಸ್ಕೊಂಡು ಆ ಕಡೆಯಿಂದಾನೇ ಹೋದ್ಲು. ನಂಬರ್ ಬದಲಾಯಿಸಿದ್ಲು. ಆಮೇಲೆ ಒಂದಿನ, ಅವಳು ಅಲ್ಲಿನ ಸ್ಕ್ರೀನಲ್ಲಿ ಬರ್ತಾಳೆ ಅಂತ ಯಾರೋ ಹೇಳಿದ್ರು, ಅಂಗಡಿಗೆ ಹೋಗಿ ನೋಡಿದೆ. ಆ ವಾರಾನೇ ನನ್ನ ಗಿರಾಕಿಗಳನ್ನೆಲ್ಲ ಬಿಟ್ಟು ಅಲ್ಲಿ ಕೆಲಸಕ್ಕೆ ಸೇರ್ಕೊಂಡೆ."

"ಬೇರೆ ಬಟ್ಟೇಲೂ ಇದ್ಲಲ್ಲ. ಹಸಿರು ಕೋಟೇ ಯಾಕೆ?"

"ಅದರಲ್ಲಿ ತಿರುಗಿ ನಿಂತು, ಕಾಲರ್ ಎಳ್ಕೊಂಡು, ಹೇಗಿದೆ ಅನ್ನೋ ಹಾಗೆ ನಗ್ತಾಳೆ ಸಾರ್. ಚಿಕ್ಕೋಳಿದ್ದಾಗ ನಾನು ಏನು ಹೊಲಿದು ಹಾಕಿದ್ರೂ ಹಾಗೇ ಮಾಡ್ತಿದ್ಲು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕಂಡಕಂಡವರಿಗೇನೂ ತೋರಿಸ್ಕೊಳ್ತಿರ್ಲಿಲ್ಲ. ನನಗೆ ತೋರಿಸ್ತಿದ್ಲು."

ಸ್ಕ್ರೀನ್ ಮತ್ತು ಲೇಬಲ್ ವಶಪಡಿಸಿಕೊಂಡು ಸಂಜೆ ಐದಕ್ಕೆ ಆಕೆಯನ್ನು ದಸ್ತಗಿರಿ ಮಾಡಲಾಯಿತು. ಜೀಪಿನಲ್ಲಿ ಪಕ್ಕದಲ್ಲಿ ಕೂತ ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಹೇಳಿದರು.

"ಕಾಣೆಯಾಗಿದಾಳೆ ಅಂತ ಒಂದು ದೂರು ಕೊಡಿ. ಹುಡುಕೋಣ."

"ಬೇಡಮ್ಮ. ಅವಳು ಕಾಣೆಯಾಗಿಲ್ಲ," ಎಂದಳು ಟೇಲರಕ್ಕ. "ನನ್ನ ಬಿಟ್ಟು ಹೋಗಿದಾಳೆ, ಅಷ್ಟೆ."

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ವರದಿ ಬರೆದರು. ಆರೋಪಿಗೆ ಲಾಭದ ಆಸೆ ಇದ್ದಂತೆ ಕಂಡುಬಂದಿಲ್ಲ ಎಂಬಲ್ಲಿಗೆ ಪೆನ್ನು ನಿಂತಿತು. ಹಾಗಾದರೆ ಉದ್ದೇಶವೇನು ಎಂದು ನ್ಯಾಯಾಲಯ ಕೇಳುತ್ತದೆ. ಇಲಾಖೆಯ ಭಾಷೆಯಲ್ಲಿ ಅದಕ್ಕೊಂದು ಪದ ಹುಡುಕಿ, ಸಿಗದೆ, ಕೊನೆಗೆ 'ತಂಗಿಯನ್ನು ನೋಡುವುದಕ್ಕೆ' ಎಂದು ಬರೆದು ಸಹಿ ಹಾಕಿದರು.